ನಗೆಯ ನಡುವಿನ ಒಂದು ಹಲ್ಲು

(ಕೂಟದ ಆರೋಗ್ಯ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಅತಿಥಿ ಭಾಷಣದ ಲಿಖಿತ ರೂಪ)



ಡೆಟ್ರಾಯ್ಟ್ ಪರಿಸರದಿಂದ ನನ್ನನ್ನು ಇಲ್ಲಿಗೆ ಕರೆಸಿ ನಾಲ್ಕು ಮಾತನಾಡುವ ಅವಕಾಶ ಕೊಟ್ಟಿದ್ದಕ್ಕಾಗಿ ಶಿಕಾಗೋ ಪ್ರದೇಶದ ಕನ್ನಡ ಬಂಧುಗಳಿಗೆ ಕೃತಜ್ಞನಾಗಿದ್ದೇನೆ. ಮೊದಲೇ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕು. ನಾನು ದಂತವೈದ್ಯನಲ್ಲ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಡೆಟ್ರಾಯ್ಟಿನಲ್ಲಿ ರೆಸಿಡೆನ್ಸಿ ಮಾಡಿ, ಆಂತರಿಕ ರೋಗಗಳ ವೈದ್ಯನಾಗಿ ದುಡಿಯುತ್ತಿರುವವನು. ಹಾಗಿದ್ದೂ ಹಲ್ಲಿನ ಬಗ್ಗೆ, ಅದರಲ್ಲೂ ಒಂದೇ ಒಂದು ಹಲ್ಲಿನ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣ ನನ್ನ ಬಾಯಲ್ಲೇ ಇದೆ.

ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವಾಗ ಚೆಂಡು ನನ್ನ ಮೇಲಿನ ಮುಂದಿನ ಹಲ್ಲಿಗೆ ಬಡಿಯಿತು. ಹಲ್ಲು ಬೀಳಲಿಲ್ಲ, ಒಡೆಯಲೂ ಇಲ್ಲ. ನೋವು ಎರಡು ದಿನದಲ್ಲಿ ಹೋಯಿತು. ಆದರೆ ಕೆಲವು ವರ್ಷಗಳಲ್ಲಿ ಆ ಹಲ್ಲು ಬೂದಿಯ ಬಣ್ಣಕ್ಕೆ ತಿರುಗಿತು. ಕಾಲೇಜಿನಲ್ಲಿ ಬಾಯಿ ಮುಚ್ಚಿ ನಗುವುದನ್ನು ಅಭ್ಯಾಸ ಮಾಡಿಕೊಂಡೆ. 1996ರಲ್ಲಿ, ಇಲ್ಲಿ ರೆಸಿಡೆಂಟ್ ಆಗಿದ್ದಾಗ, ಊರಿನಿಂದ ಹೆಣ್ಣು ನೋಡಲು ಬಾ ಎಂದು ತಂದೆಯವರ ಪತ್ರ ಬಂತು. ರಜೆಗೆ ಇನ್ನು ಮೂರು ವಾರವಿತ್ತು. ನಾನು ಒಬ್ಬ ದಂತವೈದ್ಯರ ಬಳಿಗೆ ಹೋಗಿ, ಏನಾದರೂ ಮಾಡಿ, ಮೂರು ವಾರದಲ್ಲಿ ಈ ಹಲ್ಲು ಬೆಳ್ಳಗಾಗಬೇಕು ಎಂದು ಹಟ ಹಿಡಿದೆ. ಅವರು ರೂಟ್ ಕೆನಾಲ್ ಚಿಕಿತ್ಸೆ ಮಾಡಿ, ಹಲ್ಲನ್ನು ಸುತ್ತಲೂ ಕೊರೆದು, ಲೋಹದ ಮೇಲೆ ಪಿಂಗಾಣಿ ಹಚ್ಚಿದ ಕ್ಯಾಪ್ ಕೂರಿಸಿದರು. ಹೆಣ್ಣಿನ ಮನೆಯವರು ಒಪ್ಪಿದರು. ಆಮೇಲೆ ತಿಳಿದದ್ದೇನೆಂದರೆ, ನನ್ನ ಹೆಂಡತಿ ಅಂದು ನನ್ನ ಹಲ್ಲನ್ನು ನೋಡಿಯೇ ಇರಲಿಲ್ಲ. ಅವಳು ನೋಡಿದ್ದು ನನ್ನ ಕಾಲುಚೀಲದ ತೂತನ್ನು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಒಸಡು ಸ್ವಲ್ಪ ಮೇಲೆ ಸರಿದು ಕ್ಯಾಪಿನ ಅಂಚಿನಲ್ಲಿ ಲೋಹದ ಕಪ್ಪು ಗೆರೆ ಕಂಡಿತು. ಎರಡನೆಯ ಕ್ಯಾಪ್ ಹಾಕಿಸಿದೆ. ಮತ್ತೆ ಹತ್ತು ವರ್ಷದ ಮೇಲೆ, ಒಂದು ದೀಪಾವಳಿಯ ದಿನ ಚಕ್ಕುಲಿ ಕಡಿಯುವಾಗ, ಉಳಿದಿದ್ದ ಬೇರು ಉದ್ದಕ್ಕೆ ಸೀಳಿತು. ಹಲ್ಲು ಕಿತ್ತು ಇಂಪ್ಲಾಂಟ್ ಹಾಕಿಸಬೇಕಾಯಿತು. ಅಂದು ನನ್ನ ಹಲ್ಲು ಗಟ್ಟಿಯಾಗಿತ್ತು. ಕೆಟ್ಟಿದ್ದು ಬಣ್ಣ ಮಾತ್ರ. ಆ ಬಣ್ಣವನ್ನು ಒಳಗಿನಿಂದಲೇ ತಿಳಿಗೊಳಿಸುವ ಸರಳ ವಿಧಾನ 1961ರಷ್ಟು ಹಿಂದೆಯೇ ವರದಿಯಾಗಿತ್ತು. ನಾನು ಕೇಳಲಿಲ್ಲ, ಕೇಳುವಷ್ಟು ವ್ಯವಧಾನವೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಈಗ ನಿಮ್ಮ ಮುಂದೆ ನಿಂತಿದ್ದೇನೆ.

ಕೊರೆದದ್ದು ಮರಳಿ ಬೆಳೆಯದು

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಮುಂದಿನ ಹಲ್ಲುಗಳ ಮುಖದ ಮೇಲೆ ಅದರ ದಪ್ಪ ಸುಮಾರು ಒಂದು ಮಿಲಿಮೀಟರ್ ಮಾತ್ರ. ಒಸಡಿನ ಹತ್ತಿರ ಇನ್ನೂ ತೆಳು. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮಲ್ ಹಾಗಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ನಾಶವಾಗಿರುತ್ತವೆ. ಕೊರೆದು ತೆಗೆದ ಎನಾಮಲ್ ಹೋದದ್ದೇ ಹೋಯಿತು. ಅದರ ಒಳಗಿರುವುದು ಹಳದಿ ಛಾಯೆಯ ಡೆಂಟಿನ್. ಅದಕ್ಕೂ ಒಳಗೆ ನರ, ರಕ್ತನಾಳಗಳಿರುವ ತಿರುಳು.

2002ರಲ್ಲಿ ಪ್ರಕಟವಾದ ಒಂದು ಅಳತೆಯ ಪ್ರಕಾರ, ಮುಂದಿನ ಹಲ್ಲಿಗೆ ಪೂರ್ಣ ಕ್ಯಾಪ್ ಹಾಕಲು ಒಸಡಿನಿಂದ ಹೊರಗಿರುವ ಭಾಗದ ಶೇಕಡಾ 63ರಿಂದ 72ರಷ್ಟನ್ನು ತೆಗೆಯಬೇಕಾಗುತ್ತದೆ. ಪಿಂಗಾಣಿಯ ವೆನೀರ್‌ಗಾದರೆ ಶೇಕಡಾ 3ರಿಂದ 30ರಷ್ಟು ಸಾಕು. ಬಿಳುಪುಗೊಳಿಸುವ ಚಿಕಿತ್ಸೆಗೆ ಹಲ್ಲಿನ ಮುಖವನ್ನು ಕೊರೆಯುವ ಅಗತ್ಯವೇ ಇಲ್ಲ. ನನ್ನ ಇಂದಿನ ಮಾತಿನ ಸಾರವೆಲ್ಲ ಇಷ್ಟೇ: ಒಂದು ಹಲ್ಲು ಕಣ್ಣಿಗೆ ಕುಂದಾಗಿ ಕಂಡರೆ ಮೊದಲು ಕಾರಣವನ್ನು ಕಂಡುಕೊಳ್ಳಿ, ಅನಂತರ ಅತಿ ಕಡಿಮೆ ಕೊರೆಯುವ ಚಿಕಿತ್ಸೆಯಿಂದ ಆರಂಭಿಸಿ.

ಒಂದು ಹಲ್ಲೋ, ಎಲ್ಲ ಹಲ್ಲುಗಳೋ?

ಕಾರಣ ತಿಳಿಯಲು ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಬಳ್ಳಾರಿ, ರಾಯಚೂರು ಕಡೆಯಿಂದ ಬಂದ ಎಷ್ಟೋ ಮಂದಿಯ ಹಲ್ಲುಗಳ ಮೇಲೆ ಸುಣ್ಣದಂಥ ಪಟ್ಟೆಗಳು ಅಥವಾ ಕಂದು ಕಲೆಗಳಿರುವುದನ್ನು ನೀವು ನೋಡಿದ್ದೀರಿ. ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದು, ಎಳವೆಯಲ್ಲಿ, ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗ, ಅದನ್ನು ಕುಡಿದುದರ ಗುರುತು ಅದು. ಇದನ್ನು ಫ್ಲೋರೋಸಿಸ್ ಎನ್ನುತ್ತಾರೆ.

ಈ ಕಥೆಗೆ ನಮ್ಮ ಈ ಪರಿಸರದ ಸಂಬಂಧವೂ ಉಂಟು. ಕೊಲೊರಾಡೋದ ಮಕ್ಕಳ ಹಲ್ಲಿನ ಕಂದು ಕಲೆಯ ಮೂಲವನ್ನು ಹುಡುಕುತ್ತಿದ್ದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರೊಡನೆ 1909ರಲ್ಲಿ ಕೈಜೋಡಿಸಿದವರು, ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಡೀನ್ ಆಗಿದ್ದ ಜಿ.ವಿ. ಬ್ಲ್ಯಾಕ್. ಅವರ ಪ್ರತಿಮೆಯನ್ನು ಲಿಂಕನ್ ಪಾರ್ಕಿನಲ್ಲಿ ನೋಡಬಹುದು. ಕಲೆಗೆ ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ತಿಳಿಯಿತು. ಅಂಥ ಹಲ್ಲುಗಳು ಬೇಗ ಹುಳುಕಾಗುವುದಿಲ್ಲ ಎಂಬುದೂ ಗಮನಕ್ಕೆ ಬಂದಿತ್ತು. ಹಾಗಾದರೆ ಕಲೆ ಬೀಳದಷ್ಟು ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಹೇಗೆ ಎಂಬ ಯೋಚನೆಯಿಂದ 1945ರ ಜನವರಿ 25ರಂದು ನಮ್ಮ ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ, ಜಗತ್ತಿನಲ್ಲೇ ಮೊದಲ ಬಾರಿಗೆ, ಫ್ಲೋರೈಡ್ ಬೆರೆಸಲಾಯಿತು. ಎರಡು ವರ್ಷದ ಮೇಲೆ ನಿಮ್ಮ ಎವನ್‌ಸ್ಟನ್ ಅದೇ ಪ್ರಯೋಗ ನಡೆಸಿತು. ಹೋಲಿಕೆಗಾಗಿ ಫ್ಲೋರೈಡ್ ಬೆರೆಸದೆ ಉಳಿಸಿಕೊಂಡ ಊರು ಓಕ್ ಪಾರ್ಕ್. ಒಂದೇ ವಸ್ತು, ಪ್ರಮಾಣದ ವ್ಯತ್ಯಾಸದಿಂದ, ಪಾವಗಡದಲ್ಲಿ ಶಾಪ, ಗ್ರ್ಯಾಂಡ್ ರ್‍ಯಾಪಿಡ್ಸಿನಲ್ಲಿ ವರ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ 2015ರಲ್ಲಿ ಸೂಚಿಸಿದ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ಮೇಲ್ಮಿತಿ 1.5 ಮಿಲಿಗ್ರಾಂ.

ಫ್ಲೋರೋಸಿಸ್ ಒಂದೇ ಹಲ್ಲನ್ನು ಹಿಡಿಯುವುದಿಲ್ಲ. ಎಡಬಲಗಳ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಕಾಣುತ್ತದೆ. ಎಳವೆಯಲ್ಲಿ ಕೊಟ್ಟ ಟೆಟ್ರಾಸೈಕ್ಲಿನ್ ಔಷಧದ ಬೂದುಪಟ್ಟೆಗಳೂ ಹಾಗೆಯೇ ಹಲವು ಹಲ್ಲುಗಳಲ್ಲಿರುತ್ತವೆ. ಆದುದರಿಂದ ನಿಮ್ಮ ಕುಂದು ಒಂದೇ ಹಲ್ಲಿನಲ್ಲಿದ್ದರೆ ನೀರನ್ನು ದೂರಬೇಡಿ. ಆ ಹಲ್ಲಿನ ಸ್ವಂತ ಚರಿತ್ರೆಯನ್ನು ಹುಡುಕಿ.

ಬೂದು ಅಥವಾ ಕಪ್ಪುಛಾಯೆಯ ಹಲ್ಲು ಸಾಮಾನ್ಯವಾಗಿ ಹಳೆಯ ಪೆಟ್ಟಿನದು. ಒಳಗಿನ ತಿರುಳು ಸತ್ತು, ರಕ್ತದ ಕಬ್ಬಿಣದಂಶ ಡೆಂಟಿನ್ನಿನ ಸೂಕ್ಷ್ಮ ನಾಳಗಳಲ್ಲಿ ಇಂಗಿರುತ್ತದೆ. ಪೆಟ್ಟಾದ ಕೈ ನೀಲಿಗಟ್ಟುವಂತೆಯೇ. ಆದರೆ ಕೈಯ ಕಲೆ ಕರಗುತ್ತದೆ, ಹಲ್ಲಿನದು ಉಳಿಯುತ್ತದೆ. ಪೆಟ್ಟಿನ ನಂತರ ಹಲ್ಲು ಹಳದಿಯಾದರೆ ಒಳಗಿನ ನಾಳ ಕ್ರಮೇಣ ತುಂಬಿಕೊಂಡಿದೆ ಎಂದರ್ಥ. ಹಲ್ಲು ಜೀವಂತವಾಗಿಯೇ ಇರಬಹುದು. ಗುಲಾಬಿ ಛಾಯೆ ಕಂಡರೆ ಮಾತ್ರ ತಡಮಾಡಬೇಡಿ, ಹಲ್ಲು ಒಳಗಿನಿಂದ ಕರಗುತ್ತಿರುವ ಸಾಧ್ಯತೆಯಿದೆ. ಒಂದೇ ಹಲ್ಲಿನ ಮೇಲೆ ಹುಟ್ಟಿನಿಂದಲೇ ಬಿಳಿ ಅಥವಾ ಕಂದು ಮಚ್ಚೆಯಿದ್ದರೆ, ಬಾಲ್ಯದಲ್ಲಿ ಅದರ ಮೇಲಿದ್ದ ಹಾಲುಹಲ್ಲಿಗೆ ಪೆಟ್ಟೋ ಕೀವೋ ಆಗಿದ್ದಿರಬಹುದು. ಇವನ್ನೆಲ್ಲ ಬೇರ್ಪಡಿಸಲು ಒಂದು ಎಕ್ಸ್‌ರೇ ಮತ್ತು ತಣ್ಣನೆಯ ಸ್ಪರ್ಶದ ಪರೀಕ್ಷೆ ಬೇಕು. ಅವಿಲ್ಲದೆ ಯಾರಾದರೂ ಅಲಂಕಾರದ ಮಾತೆತ್ತಿದರೆ ಕುರ್ಚಿಯಿಂದ ಎದ್ದು ಬರುವುದು ಲೇಸು. ಸತ್ತ ತಿರುಳಿನ ಕೆಳಗೆ, ನೋವಿಲ್ಲದೆಯೇ, ಬೇರಿನ ತುದಿಯಲ್ಲಿ ಸೋಂಕು ಬೆಳೆಯುತ್ತಿರಬಹುದು. ಅದರ ಮೇಲೆ ಪಿಂಗಾಣಿ ಅಂಟಿಸುವುದು ಗೋಡೆ ಬಿರುಕಿಗೆ ಸುಣ್ಣ ಬಳಿದಂತೆ.

ಚಿಕಿತ್ಸೆಯ ಮೆಟ್ಟಿಲುಗಳು

ಕಾರಣ ತಿಳಿದ ಮೇಲೆ ದಾರಿಗಳು ಹಲವು. ಅವನ್ನು ಕೆಳಗಿನಿಂದ ಮೇಲಕ್ಕೆ ಹತ್ತುವ ಮೆಟ್ಟಿಲುಗಳೆಂದು ಭಾವಿಸಿ. ಮೇಲೇರಿದಷ್ಟೂ ಕೊರೆತ ಹೆಚ್ಚು, ಹಿಂತಿರುಗುವುದು ಕಷ್ಟ.

ಮೊದಲನೆಯ ಮೆಟ್ಟಿಲು ಶುಚಿಗೊಳಿಸುವಿಕೆ. ಕಾಫಿ, ಚಹಾ, ಎಲೆಅಡಿಕೆ, ಹೊಗೆಸೊಪ್ಪು, ಕೆಲವು ಬಾಯಿ ಮುಕ್ಕಳಿಸುವ ಔಷಧಗಳು ಹಲ್ಲಿನ ಹೊರಮೈಗೆ ಮಾತ್ರ ಕಲೆ ಹಚ್ಚುತ್ತವೆ. ತುಸು ಓರೆಯಾಗಿರುವ ಹಲ್ಲಿನ ಸಂದಿಯಲ್ಲಿ ಇಂಥ ಕಲೆ ಹೆಚ್ಚು ನಿಲ್ಲುತ್ತದೆ. ಉಜ್ಜಿ ಹೊಳಪು ಕೊಟ್ಟರೆ ಎಷ್ಟೋ ಸಲ ಅಷ್ಟೇ ಸಾಕು.

ಎರಡನೆಯದು ಬಿಳುಪುಗೊಳಿಸುವಿಕೆ. ಜೀವಂತ ಹಲ್ಲಿಗೆ, ಬಾಯಿಯ ಅಳತೆಗೆ ಮಾಡಿದ ತೆಳುವಾದ ತಟ್ಟೆಯಲ್ಲಿ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಲೇಪವಿಟ್ಟು ರಾತ್ರಿ ಧರಿಸುವ ಕ್ರಮ 1989ರಲ್ಲಿ ಪ್ರಕಟವಾಯಿತು, ಇಂದಿಗೂ ಬಳಕೆಯಲ್ಲಿದೆ. ತಟ್ಟೆಯನ್ನು ಒಂದೇ ಹಲ್ಲಿಗೆ ಔಷಧ ತಾಗುವಂತೆ ಕತ್ತರಿಸಿಕೊಡಲು ಸಾಧ್ಯ. ರೂಟ್ ಕೆನಾಲ್ ಆದ ಹಲ್ಲಿಗಾದರೆ ನಾನು ಆಗಲೇ ಹೇಳಿದ ವಿಧಾನ: ಹಲ್ಲಿನ ಹಿಂಭಾಗದ ಪುಟ್ಟ ರಂಧ್ರದಿಂದ ಸೋಡಿಯಂ ಪರ್ಬೋರೇಟನ್ನು ಒಳಗಿಟ್ಟು ಮುಚ್ಚುತ್ತಾರೆ; ಮೂರರಿಂದ ಏಳು ದಿನಕ್ಕೊಮ್ಮೆ ಬದಲಿಸುತ್ತಾರೆ. ಬಣ್ಣ ತಿಳಿಯಾಗಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ಭೇಟಿಗಳು ಸಾಕು. ಔಷಧ ಬೇರಿನತ್ತ ಇಳಿಯದಂತೆ ಮೊದಲು ಒಳಗೊಂದು ತಡೆ ಹಾಕಬೇಕು. ಇಲ್ಲವಾದರೆ ಬೇರು ಹೊರಗಿನಿಂದ ಸವೆಯುವ ಅಪಾಯ ಅಪರೂಪಕ್ಕಾದರೂ ಉಂಟು. ವರ್ಷಗಳ ಮೇಲೆ ಬಣ್ಣ ತುಸು ಮರಳಬಹುದು, ಮತ್ತೆ ಮಾಡಿಸಬಹುದು. ಗರ್ಭಿಣಿಯರು ಬಿಳುಪಿನ ಚಿಕಿತ್ಸೆಯನ್ನು ಮುಂದೂಡುವುದೇ ಕ್ಷೇಮ. ಇನ್ನೊಂದು ನೆನಪಿರಲಿ: ಪಿಂಗಾಣಿ, ರಾಳಗಳಿಗೆ ಈ ಔಷಧ ತಾಗದು. ಆದ್ದರಿಂದ ಬಿಳುಪು ಮೊದಲು. ಎರಡು ವಾರ ಕಾದು ಬಣ್ಣ ನಿಂತ ಮೇಲೆ ಉಳಿದದ್ದು.

ಮೂರನೆಯದು ಮಚ್ಚೆಗಳ ಚಿಕಿತ್ಸೆ. ಮೇಲ್ಪದರದ ಕಂದು ಮಚ್ಚೆಯನ್ನು ಸೌಮ್ಯ ಆಮ್ಲ ಮತ್ತು ನುಣುಪಾದ ಪುಡಿಯಿಂದ ಉಜ್ಜಿ ತೆಗೆಯುತ್ತಾರೆ. ಬಿಳಿ ಮಚ್ಚೆಯಾದರೆ, 2009ರಿಂದ ಬಳಕೆಗೆ ಬಂದ ಒಂದು ವಿಧಾನದಲ್ಲಿ, ತೆಳುವಾದ ರಾಳವನ್ನು ಎನಾಮಲ್ಲಿನ ರಂಧ್ರಗಳೊಳಗೆ ಹೀರುವಂತೆ ಮಾಡುತ್ತಾರೆ. ಒದ್ದೆ ಕಾಗದ ಪಾರದರ್ಶಕವಾಗುವಂತೆ ಮಚ್ಚೆ ಮಸುಕಾಗುತ್ತದೆ. ಸೂಜಿಯ ಚುಚ್ಚುವಿಕೆಯೂ ಬೇಡ.

ನಾಲ್ಕನೆಯದು ಬಾಂಡಿಂಗ್. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನ ಮೈಕೆಲ್ ಬ್ಯೂನೊಕೋರ್ ಅವರು ಎನಾಮಲ್ಲನ್ನು ಫಾಸ್ಫಾರಿಕ್ ಆಮ್ಲದಿಂದ ತುಸು ತರಿಗೊಳಿಸಿದರೆ ರಾಳ ಅದಕ್ಕೆ ಬಿಗಿಯಾಗಿ ಅಂಟುವುದೆಂದು ತೋರಿಸಿದರು. ಇಂದಿನ ಅಂಟಿಸುವ ಚಿಕಿತ್ಸೆಗಳೆಲ್ಲ ಆ ಒಂದು ಶೋಧದ ಮೇಲೆ ನಿಂತಿವೆ. ತುದಿ ಮುರಿದ ಹಲ್ಲು, ನಡುವಿನ ಸಂದು, ಚಿಕ್ಕದಾಗಿ ಹುಟ್ಟಿದ ಹಲ್ಲು, ಇವುಗಳಿಗೆ ಹಲ್ಲಿನ ಬಣ್ಣದ ಕಾಂಪೊಸಿಟ್ ರಾಳವನ್ನು ಪದರಪದರವಾಗಿ ಹಚ್ಚಿ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಒಂದೇ ಭೇಟಿ, ಕೊರೆತ ಬಹುಮಟ್ಟಿಗೆ ಇಲ್ಲ. ವೆಚ್ಚ ಪಿಂಗಾಣಿಗಿಂತ ಕಡಿಮೆ. ಮುಕ್ಕಾದರೆ ಅಲ್ಲೇ ದುರಸ್ತಿ. ಕೊರತೆಯೆಂದರೆ ಕೆಲವು ವರ್ಷಗಳಿಗೊಮ್ಮೆ ಹೊಳಪನ್ನೋ ದುರಸ್ತಿಯನ್ನೋ ಬೇಡುತ್ತದೆ, ಬಣ್ಣವನ್ನು ಹೀರುತ್ತದೆ. ನಮ್ಮ ಅಡಿಗೆಯ ಅರಿಶಿನ ಈ ವಿಷಯದಲ್ಲಿ ಕಾಫಿಯನ್ನೂ ಮೀರಿಸುವಂಥದು. ಸಾರು, ಹುಳಿ ಬಿಡಿ ಎಂದು ನಾನು ಹೇಳಲಾರೆ. ಊಟದ ನಂತರ ನೀರು ಮುಕ್ಕಳಿಸಿ.

ಓರೆಯಾದ ಒಂದು ಹಲ್ಲಿಗೆ ಕೊರೆತವೇ ಬೇಡದ ಬೇರೊಂದು ದಾರಿಯುಂಟು: ತಂತಿಯೋ ಪಾರದರ್ಶಕ ತಟ್ಟೆಗಳೋ ಕೆಲವು ತಿಂಗಳಲ್ಲಿ ಅದನ್ನು ಸಾಲಿಗೆ ತರುತ್ತವೆ. ನಲವತ್ತಾಯಿತು ಎಂಬ ಸಂಕೋಚ ಬೇಡ. ಒಸಡು ಆರೋಗ್ಯವಾಗಿದ್ದರೆ ವಯಸ್ಸು ಅಡ್ಡಿಯಲ್ಲ.

ಐದನೆಯದು ವೆನೀರ್, ಅಂದರೆ ಹಲ್ಲಿನ ಮುಖಕ್ಕೆ ಅಂಟಿಸುವ ಪಿಂಗಾಣಿಯ ತೆಳುವಾದ ಹೊದಿಕೆ. 1930ರ ದಶಕದಲ್ಲಿ ಹಾಲಿವುಡ್ಡಿನ ನಟನಟಿಯರಿಗಾಗಿ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ತಯಾರಿಸುತ್ತಿದ್ದ ಹೊದಿಕೆಗಳು ಚಿತ್ರೀಕರಣ ಮುಗಿಯುವವರೆಗೆ ಮಾತ್ರ ನಿಲ್ಲುತ್ತಿದ್ದವು. ಪಿಂಗಾಣಿಯನ್ನೂ ಆಮ್ಲದಿಂದ ತರಿಗೊಳಿಸಿ ಅಂಟಿಸುವ ಕ್ರಮ 1980ರ ದಶಕದಲ್ಲಿ ಬಂದ ಮೇಲೆ ಅವು ಹತ್ತು ಹದಿನೈದು ವರ್ಷ ಬಾಳುವಂತಾದವು. ಇಲ್ಲಿಯೇ ಒಂದು ವಿಚಿತ್ರವಿದೆ. ಆರು ಹಲ್ಲುಗಳಿಗೆ ವೆನೀರ್ ಮಾಡುವುದಕ್ಕಿಂತ ಒಂದಕ್ಕೆ ಮಾಡುವುದು ಕಠಿಣ. ಆರೂ ಹೊಸದಾದರೆ ಪರಸ್ಪರ ಹೊಂದುತ್ತವೆ. ಒಂದೇ ಆದರೆ ಪಕ್ಕದಲ್ಲಿ ಪ್ರಕೃತಿ ಮಾಡಿದ ಹಲ್ಲು ನಿಂತು ಹೋಲಿಕೆಗೆ ಸವಾಲು ಹಾಕುತ್ತದೆ. ಬಣ್ಣ ಮಾತ್ರವಲ್ಲ, ತುದಿಯ ಪಾರದರ್ಶಕತೆ, ಮೇಲ್ಮೈಯ ಗೆರೆಗಳು, ಹೊಳಪು ಎಲ್ಲವೂ ಹೊಂದಬೇಕು. ಪಿಂಗಾಣಿಯನ್ನು ಕೂರಿಸುವ ಪ್ರಯೋಗಾಲಯದ ಕುಶಲಕರ್ಮಿ ನಿಮ್ಮ ಹಲ್ಲನ್ನು ಹಗಲ ಬೆಳಕಿನಲ್ಲಿ ತಾನೇ ನೋಡಿದರೆ ಉತ್ತಮ. ಒಮ್ಮೆ ಹೊಂದದಿದ್ದರೆ ಮರಳಿ ಮಾಡಿಸುವ ಒಪ್ಪಂದವೂ ಇರಲಿ. ಈ ಕಷ್ಟವನ್ನು ತಪ್ಪಿಸಲು ಒಂದು ಕುಂದಿಗಾಗಿ ಐದು ಒಳ್ಳೆಯ ಹಲ್ಲುಗಳನ್ನೂ ಕೊರೆಯೋಣ ಎಂದು ಯಾರಾದರೂ ಸಲಹೆಯಿತ್ತರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಆರನೆಯದು ಕ್ಯಾಪ್. ಹಲ್ಲು ಬಹುಪಾಲು ಮುರಿದಿದ್ದರೆ, ಹಳೆಯ ತುಂಬುವಿಕೆಗಳಿಂದ ಟೊಳ್ಳಾಗಿದ್ದರೆ, ಅದು ಸರಿಯಾದ ಚಿಕಿತ್ಸೆಯೇ. ಬಣ್ಣಕ್ಕಾಗಿ ಮಾತ್ರ ಬೇಡ.

ಕಡೆಯದು, ಹಲ್ಲೇ ಇಲ್ಲದಾಗ, ಟೈಟೇನಿಯಮ್ಮಿನ ಇಂಪ್ಲಾಂಟ್. ಸ್ವೀಡನ್ನಿನ ಬ್ರೇನ್‌ಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ್ದು ಇಂದು ಮನೆಮಾತಾಗಿದೆ. ಆದರೆ ಮಕ್ಕಳಿಗೆ ಆತುರ ಸಲ್ಲದು. ದವಡೆ ಬೆಳೆಯುತ್ತಿರುವಾಗ ಹಾಕಿದರೆ ಪಕ್ಕದ ಹಲ್ಲುಗಳು ಕೆಳಗಿಳಿದು ಇಂಪ್ಲಾಂಟ್ ಮೇಲೆಯೇ ಉಳಿಯುತ್ತದೆ. ಬೆಳವಣಿಗೆ ಮುಗಿಯುವ ತನಕ ಅಂಟಿಸುವ ಸೇತುವೆಯ ಹಲ್ಲು ಸಾಕು. ರಕ್ತ ತೆಳುಗೊಳಿಸುವ ಔಷಧ, ಮೂಳೆ ಸವೆತದ ಔಷಧ ಸೇವಿಸುವವರು, ಸಕ್ಕರೆ ಕಾಯಿಲೆಯವರು, ಹೃದಯದ ಕವಾಟ ಬದಲಿಸಿಕೊಂಡವರು ಹಲ್ಲು ಕೀಳಿಸುವ ಮುನ್ನ ಇಬ್ಬರೂ ವೈದ್ಯರಿಗೆ ತಿಳಿಸಬೇಕು. ಔಷಧವನ್ನು ತಾವೇ ನಿಲ್ಲಿಸಬಾರದು.

ನಮ್ಮವರ ಆತುರ, ನಮ್ಮವರ ಲೆಕ್ಕ

ಅಲಂಕಾರಕ್ಕೆಂದು ಮಾಡಿಸಿದ ಚಿಕಿತ್ಸೆಗೆ ಇಲ್ಲಿನ ದಂತವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ರೂಟ್ ಕೆನಾಲ್, ಪೆಟ್ಟಿನಿಂದಾದ ಮುರಿತ ಮುಂತಾದವಕ್ಕೆ ಕೊಡಬಹುದು. ಮೊದಲೇ ಬರವಣಿಗೆಯಲ್ಲಿ ಕೇಳಿ. ವಿಮೆಯಿಲ್ಲದವರು, ಊರಿನಿಂದ ಬಂದಿರುವ ತಂದೆತಾಯಿಯರು, ಶಿಕಾಗೋದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ದಂತವೈದ್ಯ ಕಾಲೇಜನ್ನು, ನಮ್ಮ ಕಡೆ ಆ್ಯನ್ ಆರ್ಬರಿನ ಮಿಶಿಗನ್ ವಿಶ್ವವಿದ್ಯಾಲಯ ಅಥವಾ ಡೆಟ್ರಾಯ್ಟ್ ಮರ್ಸಿ ವಿಶ್ವವಿದ್ಯಾಲಯದ ದಂತ ಚಿಕಿತ್ಸಾಲಯಗಳನ್ನು ವಿಚಾರಿಸಬಹುದು. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ನೋಡುತ್ತಾರೆ. ಸಮಯ ಹೆಚ್ಚು, ಖರ್ಚು ಕಡಿಮೆ.

ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬರುವುದು ಹೇಗೆ ಎಂದು ಅನೇಕರು ಕೇಳುತ್ತಾರೆ. ಅಲ್ಲಿನ ದಂತವೈದ್ಯರ ಕೌಶಲದ ಬಗ್ಗೆ ನನಗೆ ಸಂಶಯವಿಲ್ಲ. ಸಂಶಯವಿರುವುದು ನಮ್ಮ ಮೂರು ವಾರದ ರಜೆಯ ಬಗ್ಗೆ. ಮದುವೆ, ಗೃಹಪ್ರವೇಶ, ಧರ್ಮಸ್ಥಳ ಯಾತ್ರೆಗಳ ನಡುವೆ ಉಳಿದ ನಾಲ್ಕು ದಿನದಲ್ಲಿ ಒಸಡು ಮಾಯುವುದೂ ಇಲ್ಲ, ಬಣ್ಣ ನಿಲ್ಲುವುದೂ ಇಲ್ಲ.

ಇತ್ತೀಚೆಗೆ ಪರಿಚಿತ ಕುಟುಂಬವೊಂದರಿಂದ ಕರೆ ಬಂತು. ಮಗಳ ಮದುವೆ ಆರು ವಾರದಲ್ಲಿ. ಅವಳ ಒಂದು ಮುಂದಿನ ಹಲ್ಲು ಮಂಜಿನ ಮೇಲೆ ಬಿದ್ದು ಪೆಟ್ಟಾಗಿ ಬೂದಾಗಿತ್ತು. ಆರು ವೆನೀರ್ ಹಾಕಿಸಲು ಮುಂಗಡ ಕೊಡಲಿದ್ದರು. ಎಕ್ಸ್‌ರೇ ತೆಗೆಸಿದಿರಾ ಎಂದೆ. ಇಲ್ಲ. ತೆಗೆಸಿದಾಗ ಬೇರಿನ ತುದಿಯಲ್ಲಿ ಸೋಂಕು ಕಂಡಿತು. ರೂಟ್ ಕೆನಾಲ್ ಆಯಿತು. ಒಳಗಿನಿಂದ ಮೂರು ಬಾರಿ ಬಿಳುಪುಗೊಳಿಸಿದರು. ಪಕ್ಕದ ಹಲ್ಲಿಗಿಂತ ಇನ್ನೂ ಒಂದು ಛಾಯೆ ಹಿಂದಿದೆ. ಇಷ್ಟು ಸಾಕು ಎಂದಳು ಹುಡುಗಿ. ಮದುವೆಯ ಚಿತ್ರಗಳಲ್ಲಿ ಅದು ಯಾರ ಕಣ್ಣಿಗೂ ಬಿದ್ದಿಲ್ಲ, ಅಜ್ಜಿಯೊಬ್ಬರನ್ನು ಬಿಟ್ಟು. ಅಜ್ಜಿಯ ಕಣ್ಣಿಗೆ ಯಾವ ವೆನೀರೂ ಸಾಲದು.

ತಾಯಂದಿರಿಗೆ ಎರಡು ಮಾತು

ಕುಂದು ಬರದಂತೆ ತಡೆಯುವುದು ಎಲ್ಲಕ್ಕಿಂತ ಅಗ್ಗ. ಹಾಕಿ, ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆ ಬಾಯಿಯ ರಕ್ಷಾಕವಚ ಕೊಡಿಸಿ. ಬಿದ್ದು ಶಾಶ್ವತ ಹಲ್ಲು ಪೂರ್ತಿ ಕಳಚಿ ಬಂದರೆ ಬೇರನ್ನು ಮುಟ್ಟದೆ ಬಿಳಿಯ ಭಾಗ ಹಿಡಿದೆತ್ತಿ, ಮಣ್ಣಿದ್ದರೆ ಕ್ಷಣಕಾಲ ತೊಳೆದು, ಕೂಡಲೇ ಅದರ ಗುಳಿಯಲ್ಲೇ ಕೂರಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ಕಾಣಿ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು. ಪೆಟ್ಟು ತಿಂದು ನಿಂತ ಹಲ್ಲನ್ನೂ, ನೋವು ಹೋಯಿತೆಂದು ಮರೆಯದೆ, ತಿಂಗಳುಗಳ ಕಾಲ ತೋರಿಸುತ್ತಿರಬೇಕು. ಇನ್ನು ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು. ನುಂಗದಂತೆ ನೋಡಿಕೊಳ್ಳಿ.

ದಂತವೈದ್ಯರ ಮುಂದೆ ಕುಳಿತಾಗ ನಾಲ್ಕು ಪ್ರಶ್ನೆಗಳನ್ನು ಕೇಳಲು ಮರೆಯದಿರಿ. ಈ ಬಣ್ಣಕ್ಕೆ ಕಾರಣವೇನು? ಇದಕ್ಕಿಂತ ಕಡಿಮೆ ಕೊರೆಯುವ ದಾರಿಯುಂಟೇ? ಇದು ಎಷ್ಟು ವರ್ಷ ಬಾಳುತ್ತದೆ, ಆಮೇಲೇನು? ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ? ಮುಪ್ಪತ್ತು ವರ್ಷದ ಹಿಂದೆ ಈ ನಾಲ್ಕನ್ನು ನಾನು ಕೇಳಿದ್ದರೆ ಇಂದು ಚಕ್ಕುಲಿಯನ್ನು ನನ್ನದೇ ಹಲ್ಲಿನಿಂದ ಕಡಿಯುತ್ತಿದ್ದೆನೋ ಏನೋ.

 ಊಟ ಆರುವ ಮುನ್ನ ಮುಗಿಸುತ್ತೇನೆ.